ಮರಡಿಪಾಳ್ಯದ ಹದಿನೆಂಟು ಮಂದಿ

ಭೀಮರಾಜು ತುಮಕೂರಿನಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದ. ಎರಡನೇ ವರ್ಷ ಅವನು ಆರಿಸಿಕೊಂಡ ವಿಷಯ ಪರಿಸರ ಅರ್ಥಶಾಸ್ತ್ರ. ಪ್ರಬಂಧಕ್ಕೆ ತನ್ನ ಊರಿನ ಕೆರೆಯನ್ನೇ ತೆಗೆದುಕೊಂಡಿದ್ದ. ಕೊಳಾಲದಿಂದ ನಾಲ್ಕು ಕಿಲೋಮೀಟರ್ ಒಳಗಿರುವ ಮರಡಿಪಾಳ್ಯದ ಕೆರೆ ಅದು. ಅರವತ್ತು ಮನೆಗೆ ಹೋಗಿ ಇಪ್ಪತ್ತೆರಡು ಪ್ರಶ್ನೆ ಕೇಳಬೇಕು. ಅದರಲ್ಲಿ ಹದಿನಾಲ್ಕನೆಯದು ಮುಖ್ಯ: ಕೆರೆ ಉಳಿಸಲು ನಿಮ್ಮ ಕುಟುಂಬ ವರ್ಷಕ್ಕೆ ಎಷ್ಟು ಹಣ ಕೊಡಲು ಸಿದ್ಧ?

ಒಂದು ಮನೆ ಮುಗಿಸಲು ಅರ್ಧ ದಿನ ಹಿಡಿಯುತ್ತಿತ್ತು. ಜನ ಮೊದಲು ರೇಷನ್ ಕಾರ್ಡಿನ ದೂರು ಹೇಳುತ್ತಿದ್ದರು, ಆಮೇಲೆ ಊಟಕ್ಕೆ ಕೂರಿಸುತ್ತಿದ್ದರು, ಅದಾದ ಮೇಲೆ ಅವನ ಮದುವೆ ಮಾತು ತೆಗೆಯುತ್ತಿದ್ದರು. ನಲವತ್ತೆರಡು ಮನೆ ಮುಗಿಯುವಷ್ಟರಲ್ಲಿ ಅವನಿಗೆ ಸಾಕಾಗಿ ಹೋಯಿತು. ಮೇಲಿನ ಬೀದಿಯ ಹದಿನೆಂಟು ಮನೆ ಉಳಿದಿದ್ದವು. ಅವುಗಳ ಫಾರಂಗಳನ್ನು ಹಾಸ್ಟೆಲ್ ಮಂಚದ ಮೇಲೆ ಕೂತು ಒಂದೇ ಮಧ್ಯಾಹ್ನದಲ್ಲಿ ತಾನೇ ತುಂಬಿಬಿಟ್ಟ. ಆದರೂ ಅವನಲ್ಲಿ ಒಂದಿಷ್ಟು ನಿಯತ್ತು ಉಳಿದಿತ್ತು. ಊರವರ ನಿಜವಾದ ಹೆಸರು ಹಾಕಿ ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. ಅದಕ್ಕೇ ಹದಿನೆಂಟು ಹೊಸ ಮನುಷ್ಯರನ್ನೇ ಸೃಷ್ಟಿಸಿದ.

ಅವನ ಗೈಡ್ ಡಾ. ಜ್ಯೋತಿಲಕ್ಷ್ಮಿ ಸಿರಾ ಕಡೆಯವರು. ಇಪ್ಪತ್ತು ವರ್ಷದಿಂದ ಹಳ್ಳಿ ಸಮೀಕ್ಷೆಗಳನ್ನು ನೋಡುತ್ತ ಬಂದವರು. ಫಾರಂಗಳ ಕಟ್ಟನ್ನು ಎರಡು ಸಲ ತಿರುವಿ ಹಾಕಿದರು. ನಲವತ್ತೆರಡು ಹಾಳೆ ಮಡಚಿ ಮುದುಡಿದ್ದವು, ಕೆಲವಕ್ಕೆ ಸಾರಿನ ಕಲೆ ಹತ್ತಿತ್ತು. ಹದಿನೆಂಟು ಹಾಳೆ ಈಗ ತಾನೇ ಅಂಗಡಿಯಿಂದ ತಂದಂತಿದ್ದವು.

"ಈ ಹದಿನೆಂಟು ಜನ ತುಂಬಾ ಬುದ್ಧಿವಂತರಪ್ಪ," ಎಂದರು ಅವರು. "ಒಬ್ಬರೂ ಒಂದು ಪ್ರಶ್ನೆಗೂ ಗೊತ್ತಿಲ್ಲ ಅಂದಿಲ್ಲ. ಇವರನ್ನ ನಾನು ನೋಡಬೇಕು. ಶನಿವಾರ ಬರ್ತೀನಿ."

ಭೀಮರಾಜು ಅದೇ ದಿನ ಬಸ್ಸು ಹತ್ತಿ ಊರಿಗೆ ಬಂದು ಅಜ್ಜಿಯ ಮುಂದೆ ಕೂತ. ಅಜ್ಜಿ ಚಿಕ್ಕಹನುಮಕ್ಕನಿಗೆ ಎಪ್ಪತ್ತು ದಾಟಿತ್ತು. ನರೇಗಾ ಕೆಲಸಕ್ಕೆ ಹೆಂಗಸರ ಗುಂಪು ಕಟ್ಟಿ ಪಂಚಾಯ್ತಿಯವರಿಂದ ಕೂಲಿ ವಸೂಲು ಮಾಡಿದ ಹೆಣ್ಣು. ಮೊಮ್ಮಗ ಎಲ್ಲ ಹೇಳಿ ಮುಗಿಸುವ ತನಕ ಅವಳು ಅಕ್ಕಿ ಆರಿಸುತ್ತಿದ್ದಳು.

"ಹದಿನೆಂಟೇ ಜನ ತಾನೆ," ಎಂದಳು ಕೊನೆಗೆ. "ಅದಕ್ಯಾಕ್ಲಾ ಅಳೋ ಮಕ ಮಾಡ್ಕೊಂಡಿದೀಯಾ? ಊರ್ನಾಗೆ ಜನಕ್ಕೇನು ಬರಗಾಲವೇ? ಬರ್ಲಿ ಬುಡು ಆಯಮ್ಮ."

ಶುಕ್ರವಾರ ಸಂಜೆ ಶಾಲೆಯ ಜಗಲಿಯ ಮೇಲೆ ಪಾತ್ರ ಹಂಚಿಕೆ ನಡೆಯಿತು. ಭೀಮರಾಜು ಫಾರಂ ಓದುತ್ತಿದ್ದ. ಅಜ್ಜಿ ಯಾರು ಯಾರಾಗಬೇಕೆಂದು ಹೇಳುತ್ತಿದ್ದಳು. ಊರಿಗೆ ಊರೇ ಹುರುಪಿನಲ್ಲಿತ್ತು. ಮೂರು ಎಮ್ಮೆ ಸಾಕಿದವನ ಪಾತ್ರ ಸಿಕ್ಕ ಕೆಂಪಯ್ಯ ನೆಂಟರ ಮನೆಯಿಂದ ಎರಡು ಎಮ್ಮೆ ಹೊಡೆದುಕೊಂಡು ಬರುತ್ತೇನೆಂದು ಹೊರಟೇ ಬಿಟ್ಟ. ತಡೆದು ನಿಲ್ಲಿಸಬೇಕಾಯಿತು.

ತಕರಾರು ಬಂದದ್ದು ನಂದೀಶ್ವರಯ್ಯನವರಿಂದ. ದಿನಸಿ ಅಂಗಡಿ, ಹಿಟ್ಟಿನ ಗಿರಣಿ, ಎಂಟೆಕರೆ ಜಮೀನು ಇದ್ದ ಅವರು ಊರಿನ ನಾಟಕಗಳಲ್ಲಿ ಇಪ್ಪತ್ತು ವರ್ಷ ರಾಜಪಾರ್ಟು ಕಟ್ಟಿದವರು. ಪಾತ್ರ ಕೇಳಿಕೊಂಡು ತಾವೇ ಬಂದಿದ್ದರು. ಅವರಿಗೆ ಸಿಕ್ಕಿದ್ದು ಕೂಲಿ ಮಾರಣ್ಣ, ಐವತ್ತಾರು ವರ್ಷ, ಭೂಮಿ ಇಲ್ಲ.

"ಹನುಮಕ್ಕ, ಎರಡೆಕರೆನಾದ್ರೂ ಬರೆಸಮ್ಮ," ಎಂದರು.

"ಬರ್ದಿದ್ದು ಬರ್ದಾಗೈತೆ ಸ್ವಾಮಿ. ಒಂದು ದಿನ ತಾನೆ. ನಾವು ಜೀವಮಾನವೆಲ್ಲ ಇಂಗೇ ಇದ್ದಿಲ್ವೇ?"

ನಂದೀಶ್ವರಯ್ಯನವರ ಪಕ್ಕ ಕೂರುವ ಜಾಗವನ್ನು ಅಜ್ಜಿ ಅಡವಯ್ಯನಿಗೆ ಕೊಟ್ಟಳು. ಅಡವಯ್ಯನಿಗೆ ಕೆರೆಯ ಕೆಳಗೆ ಎರಡೆಕರೆ ಗದ್ದೆ ಇತ್ತು. ಎರಡು ವರ್ಷದಿಂದ ಅದಕ್ಕೆ ನೀರು ಹರಿದಿರಲಿಲ್ಲ. ಫಾರಂ ಪ್ರಕಾರ ಅವನು ತಿಮ್ಮರಾಯಪ್ಪನಾಗಬೇಕಿತ್ತು.

ಶನಿವಾರ ಹತ್ತು ಗಂಟೆಗೆ ಜ್ಯೋತಿಲಕ್ಷ್ಮಿ ಕಾರಿನಲ್ಲಿ ಬಂದರು. ಮಜ್ಜಿಗೆ ಕುಡಿದು, ಶಾಲೆಯ ಜಗಲಿಯಲ್ಲಿ ಕೂತು, ಮೊದಲ ಫಾರಂ ತೆಗೆದು ಮಾರಣ್ಣನನ್ನು ಕರೆದರು.

ನಂದೀಶ್ವರಯ್ಯ ತೂತು ಬನಿಯನ್ ಹಾಕಿಕೊಂಡು, ಕೋಲೂರಿಕೊಂಡು, ಮೂರು ಹೆಜ್ಜೆಗೊಮ್ಮೆ ನಿಂತು ಬಂದರು. ಬೆರಳಿನ ಚಿನ್ನದುಂಗುರ ಬಿಚ್ಚುವುದನ್ನು ಮಾತ್ರ ಮರೆತಿದ್ದರು.

"ಭೂಮಿ ಎಷ್ಟಿದೆ?"

"ನನ್ನ ಹೆಸರಲ್ಲಿ ಕಾಲೂರೋಕೆ ಜಾಗ ಇಲ್ಲ ತಾಯಿ," ಎಂದು ದನಿ ನಡುಗಿಸಿದರು. "ಹುಟ್ಟಿದ್ದು ಕೂಲಿ, ಬೆಳೆದಿದ್ದು ಕೂಲಿ."

ಜ್ಯೋತಿಲಕ್ಷ್ಮಿ ಉಂಗುರ ನೋಡಿದರು, ಫಾರಂ ನೋಡಿದರು. ಆಮೇಲೆ ತಿಮ್ಮರಾಯಪ್ಪನನ್ನು ಕರೆದರು. ಅಡವಯ್ಯ ವಯಸ್ಸು, ಮನೆಮಂದಿ, ಕುರಿ ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿದ. ಹದಿನಾಲ್ಕನೇ ಪ್ರಶ್ನೆಗೆ "ಐನೂರು" ಎಂದ. ಫಾರಂನಲ್ಲೂ ಐನೂರೇ ಇತ್ತು. ಭೀಮರಾಜು ಉಸಿರು ಬಿಟ್ಟ.

"ಯಾಕೆ ಐನೂರು?" ಎಂದು ಕೇಳಿದರು ಜ್ಯೋತಿಲಕ್ಷ್ಮಿ.

ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಡವಯ್ಯ ಭೀಮರಾಜುವಿನ ಕಡೆ ನೋಡಿದ, ನೆಲ ನೋಡಿದ.

"ನಿಜ ಹೇಳ್ಬೇಕು ಅಂದ್ರೆ ಮೇಡಮ್ಮೋರೇ, ಐನೂರಲ್ಲ, ಐದು ಸಾವ್ರ ಕೊಟ್ರೂ ನಮ್ಮ ಕೆರೆಗೆ ನೀರು ಬರಾಕಿಲ್ಲ. ಗುಡ್ಡದ ನೀರು ಬರೋ ಕಾಲುವೆಗೆ ಅಡ್ಡವಾಗಿ ಕಾಂಪೌಂಡ್ ಎಬ್ಬಿಸವ್ರೆ."

"ಯಾರು?"

ಅಡವಯ್ಯ ಪಕ್ಕಕ್ಕೆ ತಿರುಗಿ ಬೆರಳು ತೋರಿಸಿದ. "ಇಗಾ, ಈ ಕೂಲಿ ಮಾರಣ್ಣ."

ನಂದೀಶ್ವರಯ್ಯ ಕೋಲು ಎಸೆದು ನೆಟ್ಟಗೆ ನಿಂತರು. "ಲೇ ಅಡವಯ್ಯ, ಅದು ನನ್ನ ಸರ್ವೆ ನಂಬರು ಕಣ್ಲಾ. ಎಂಟೆಕರೆಗೂ ಪಹಣಿ ನನ್ನೆಸರಲ್ಲೈತೆ. ಎಲ್ಲಿ ಬೇಕಾದ್ರೂ ತೋರಿಸ್ತೀನಿ."

"ಮಾರಣ್ಣನವರೇ," ಎಂದರು ಜ್ಯೋತಿಲಕ್ಷ್ಮಿ ಮೆತ್ತಗೆ, "ಕಾಲೂರೋಕೆ ಜಾಗ ಇಲ್ಲ ಅಂದ್ರಲ್ಲ."

ಮೊದಲು ನಕ್ಕವಳು ಚಿಕ್ಕಹನುಮಕ್ಕ, ಸೆರಗು ಬಾಯಿಗೆ ಒತ್ತಿಕೊಂಡು. ಆಮೇಲೆ ಜಗಲಿಗೆ ಜಗಲಿಯೇ ನಕ್ಕಿತು. ನಂದೀಶ್ವರಯ್ಯ ಒಬ್ಬರೇ ಬನಿಯನ್ನಿನ ತೂತು ಮುಚ್ಚಿಕೊಳ್ಳುತ್ತ ನಿಂತಿದ್ದರು.

ಜ್ಯೋತಿಲಕ್ಷ್ಮಿ ಎಲ್ಲರನ್ನೂ ಕರೆದುಕೊಂಡು ಕಾಂಪೌಂಡ್ ಹತ್ತಿರ ನಡೆದರು. ಮೂವತ್ತು ಅಡಿ ಕಾಲುವೆ ಗೋಡೆಯ ಕೆಳಗೆ ಮುಚ್ಚಿಹೋಗಿತ್ತು. "ದುಡ್ಡು ಬಿಡಿ," ಎಂದರು ಅವರು, "ಇದು ಸರಿಹೋದರೆ ಕೆರೆಗೆ ನೀವೇನು ಕೊಡ್ತೀರಿ?" ಒಬ್ಬ ಮೂರು ದಿನ ಹೂಳು ತೆಗೆಯುತ್ತೇನೆಂದ. ಇನ್ನೊಬ್ಬ ಟ್ರ್ಯಾಕ್ಟರ್ ಕೊಡುತ್ತೇನೆಂದ. ಹೆಂಗಸರು ಊಟದ ಹೊಣೆ ಹೊತ್ತರು. ಇದನ್ನೆಲ್ಲ ಬರೆಯಲು ಭೀಮರಾಜುವಿನ ಫಾರಂನಲ್ಲಿ ಜಾಗವೇ ಇರಲಿಲ್ಲ. ಇದ್ದದ್ದು ರೂಪಾಯಿಯ ಕಾಲಂ ಒಂದೇ.

ಕಾರು ಹತ್ತುವ ಮುಂಚೆ ಅವರು ಆ ಹದಿನೆಂಟು ಹಾಳೆಗಳನ್ನು ಅವನ ಕೈಗಿಟ್ಟರು.

"ಇವತ್ತು ನಾನು ಸೈನ್ ಹಾಕಲ್ಲ. ಈ ಸೆಮಿಸ್ಟರ್ ಬಿಡು. ಪ್ರಶ್ನೆ ತಿದ್ದು, ಅರವತ್ತು ಮನೆಗೂ ಮತ್ತೆ ಹೋಗು. ಇನ್ನೊಂದು ಸಲ ಹಿಂಗೆ ಮಾಡಿದರೆ ಬೇರೆ ಗೈಡ್ ಹುಡುಕ್ಕೋ."

"ಆಯ್ತು ಮೇಡಂ," ಎಂದ ಭೀಮರಾಜು. ಅವನಿಗೆ ತಲೆ ಎತ್ತಲಾಗಲಿಲ್ಲ. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಅನ್ನಿಸಿತು.

ಮನೆಗೆ ಬಂದು ಅಜ್ಜಿಯ ಮೇಲೆ ಸಿಡುಕಿದ. "ಅಡವಣ್ಣನ್ನ ನಂದೀಶ್ವರಯ್ಯನವರ ಪಕ್ಕ ಯಾಕಜ್ಜಿ ಕೂರಿಸ್ದೆ? ಇಬ್ಬರಿಗೂ ಆಗಲ್ಲ ಅಂತ ನಿಂಗೆ ಗೊತ್ತಿರಲಿಲ್ವಾ?"

"ಗೊತ್ತಿದ್ದಕ್ಕೇ ಕೂರಿಸಿದ್ದು ಕಣ್ಲಾ," ಎಂದಳು ಅಜ್ಜಿ. "ಎರಡು ವರ್ಷದಿಂದ ಆ ಗೋಡೆ ಮಾತು ಆಡಾಕೆ ಒಬ್ಬರಿಗೂ ಬಾಯಿ ಬರ್ಲಿಲ್ಲ. ಎಲ್ರಿಗೂ ಆವಯ್ಯನ ಅಂಗಡಿನೇ ಬೇಕಲ್ಲ. ಓದ್ದೋರೊಬ್ರು ಎದುರಿಗೆ ಕೂತು ಕೇಳಿದ್ರೆ ಅಡವಯ್ಯ ಬಾಯಿ ಬುಡ್ತಾನೆ ಅಂತ ನಂಗೆ ಗೊತ್ತಿತ್ತು."

"ಮತ್ತೆ ನನ್ನ ಗತಿ?"

"ನೀನು ಸುಳ್ಳು ಬರ್ದಿದ್ದೆ. ಅದಕ್ಕೆ ನಾನೇನು ಮಾಡ್ಲಿ? ಉಣ್ಣು ಬಾ."

ನಂದೀಶ್ವರಯ್ಯ ಹತ್ತು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಸಾಮಾನಿಗೆ ಬಂದ ಮಕ್ಕಳೂ ಕೂಲಿ ಮಾರಣ್ಣ ಎಂದು ಕೂಗಿ ಓಡತೊಡಗಿದ ಮೇಲೆ ಕೊರಟಗೆರೆಯಿಂದ ನಾಲ್ಕು ದೊಡ್ಡ ಸಿಮೆಂಟ್ ಪೈಪು ತರಿಸಿ, ಗೋಡೆಯ ಬುಡ ಅಗೆಸಿ, ಕಾಲುವೆಗೆ ದಾರಿ ಮಾಡಿಸಿದರು. ಇದು ಮೊದಲಿನಿಂದಲೂ ತಮ್ಮ ಮನಸ್ಸಿನಲ್ಲಿದ್ದ ಯೋಜನೆ ಎಂದು ಎಲ್ಲರಿಗೂ ಹೇಳಿದರು. ಯಾರೂ ಎದುರು ಮಾತಾಡಲಿಲ್ಲ. ಊರವರು ನಾಲ್ಕು ಭಾನುವಾರ ಹೂಳು ತೆಗೆದರು.

ಭೀಮರಾಜು ಅರವತ್ತು ಮನೆಗೂ ಮತ್ತೆ ಹೋದ. ಎಲ್ಲರ ರೇಷನ್ ಕಾರ್ಡಿನ ದೂರನ್ನೂ ಪೂರ್ತಿ ಕೇಳಿದ. ಐದು ವಾರ ಹಿಡಿಯಿತು. ಅಷ್ಟರಲ್ಲಿ ಅವನ ತೂಕ ನಾಲ್ಕು ಕೆ.ಜಿ. ಏರಿತು. ಆ ಮಳೆಗಾಲದಲ್ಲಿ ಕೆರೆ ತುಂಬಲಿಲ್ಲ. ಮೊಣಕಾಲುದ್ದ ನೀರು ನಿಂತಿತು, ಅಷ್ಟೇ. ಆದರೂ ಅಡವಯ್ಯ ದಿನಾ ಹೋಗಿ ನೋಡಿ ಬರುತ್ತಿದ್ದ.

ಪ್ರಬಂಧಕ್ಕೆ ನೂರಕ್ಕೆ ಅರವತ್ತೊಂದು ಬಂತು. ಅವನು ಊರಿಗೆ ಬಂದು ಅಜ್ಜಿಗೆ ಹೇಳಿದಾಗ ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು.

"ಉಳಿದ ಮೂವತ್ತೊಂಬತ್ತು ಯಾರ್ಗೆ ಕೊಟ್ರು?" ಎಂದು ಕೇಳಿದಳು.