ಪಾಲೀಶ್ ಪೀಪಾಯಿ

“ಕಣ್ಣು ಓಯ್ತು ಅಂತ ನಾಟ್ಕ ಆಡ್ತೀಯೇನ್ಲಾ, ಬೋಳಿಮಗನೆ! ಕುಡ್ದು, ತಮಟೆ ಬಡ್ದು, ನೆಟ್ಟುಗೆ ನಡ್ಕಂಡು ಮನೆಗೆ ಓದೋನಲ್ವಾ ನೀನು?”

ಸಿದ್ದಮಲ್ಲಪ್ಪ ಗೌಡ ಜಗಲಿಯಿಂದಲೇ ಉಗಿದ. ಅಂಗಳದಾಚೆ ಚಿಕ್ಕಸಿದ್ದಯ್ಯ ಹೆಂಡತಿ ರಾಮಮ್ಮನ ಸೆರಗು ಹಿಡಿದು ಬಂದು ನಿಂತಿದ್ದ. ಕೈಮುಗಿದದ್ದು ಗೌಡನಿಗೆ, ಮುಖ ಮಾತ್ರ ಕಂಬದ ಕಡೆಗಿತ್ತು.

ಗೌಡನ ತಾಯಿಯ ಹೆಣದ ಮುಂದೆ ತಮಟೆ ಬಡಿದವನು ಅವನೇ. ಬಡಿದವರಿಗೂ ಗುಂಡಿ ತೋಡಿದವರಿಗೂ ಸತ್ತವರ ಮನೆಯವರು ಕುಡಿಯಲು ಹೊಯ್ಯಬೇಕು, ತಾತನ ಕಾಲದ ಪದ್ಧತಿ. ಪಾನನಿಷೇಧ ಬಂದು ಅಂಗಡಿಗಳು ಮುಚ್ಚಿದ್ದವು. ಅದಕ್ಕೇನಂತೆ? ಕೊಳ್ಳೇಗಾಲದಲ್ಲಿ ಗೌಡನದೇ ಮೇಜು ಕುರ್ಚಿಯ ಅಂಗಡಿ ಇತ್ತಲ್ಲ! ಮರಕ್ಕೆ ಹೊಳಪು ಕೊಡುವ ಸ್ಪಿರಿಟ್ಟಿನ ಪೀಪಾಯಿ ಗಾಡಿಯಲ್ಲಿ ಬಂತು. ಅದಕ್ಕೆ ನೀರು ಬೆರೆಸಿ ಕೇರಿಯವರ ತೆಂಗಿನ ಚಿಪ್ಪಿಗೆ ಹೊಯ್ದರು.

ಮಾರನೆಯ ದಿನ ಚಿಕ್ಕಸಿದ್ದಯ್ಯ ಕಬ್ಬು ಕಡಿಯಲೂ ಹೋಗಿದ್ದ. ಮಧ್ಯಾಹ್ನ, “ಇದೇನಮ್ಮಿ, ಈಟೊತ್ನಲ್ಲಿ ಮಂಜು ಬಿದ್ದದೆ?” ಅಂದ. ಬಿಸಿಲು ಸುಡುತ್ತಿತ್ತು. ಕತ್ತಲಾಗುವುದರಲ್ಲಿ ಅವನಿಗೆ ಒಲೆಯ ಬೆಂಕಿಯೂ ಕಾಣಲಿಲ್ಲ. ವಾರ ಕಳೆದರೂ ಬೆಳಕು ಮರಳಲಿಲ್ಲ.

“ವಿಷ ಆಗಿದ್ರೆ ಅಲ್ಲೇ ಬೀಳ್ತಿರ್ನಿಲ್ವಾ?” ಗೌಡ ಬಿಡಲಿಲ್ಲ. “ಅದೇ ಪೀಪಾಯಿದು ಕುಡ್ದ ಕೆಂಚಯ್ಯ ಎಂಗವ್ನೆ ನೋಡೋಗಿ, ಗುಂಡುಕಲ್ಲಂಗೆ. ನಾಳೀಕೆ ಅವ್ವನ ತಿಥಿ. ಮಿಕ್ಕಿದ್ನ ನಿಮ್ ಕೇರಿಗೇ ಒಯ್ಸ್ತೀನಿ, ನಡೀರಿ.”

ಇನ್ನೆಷ್ಟು ಮನೆಯ ಕಣ್ಣು ಹೋಗಬೇಕು? ರಾಮಮ್ಮ ಅಲ್ಲಿಂದಲೇ ಗಂಡನನ್ನು ಬಸ್ಸು ಹತ್ತಿಸಿ ಕೊಳ್ಳೇಗಾಲದ ಡಾಕ್ಟರ ಹತ್ತಿರ ಕರೆದೊಯ್ದಳು.

ಡಾಕ್ಟರು ರೆಪ್ಪೆ ಎತ್ತಿ ನೋಡಿ ತಲೆಯಾಡಿಸಿದರು. “ಇದು ವಾಪಸು ಬರಲ್ಲಮ್ಮ. ಆ ಸ್ಪಿರಿಟ್ಟು ಹೊಟ್ಟೆಗೆ ಹೋದ ತಕ್ಷಣ ಏನೂ ಗೊತ್ತಾಗಲ್ಲ. ಮೈಯೇ ಅದನ್ನ ಮುರಿದು ಬೇರೆ ವಿಷ ಮಾಡುತ್ತೆ. ಇರುವೆ ಕಚ್ಚಿದರೆ ಉರಿಯುತ್ತಲ್ಲ, ಆ ಜಾತಿದು. ಅದು ಕಣ್ಣಿನ ನರ ಸುಡುತ್ತೆ. ಅದಕ್ಕೇ ಇಷ್ಟು ತಡ.”

“ಕೆಂಚಯ್ಯಂಗೆ ಏನೂ ಆಗ್ನಿಲ್ವಲ್ಲ ಸಾ? ಅವ್ನು ಅವತ್ತೇ ರಾಮಾಪುರದ ಕಾಡಲ್ಲಿ ಕಾಸಿದ್ ಸಾರಾಯ್ನೂ ಕುಡ್ದಿದ್ದ.”

“ಅದೇ ಅವನನ್ನ ಉಳಿಸಿದ್ದು. ಸಾರಾಯಿ ಇದ್ದರೆ ಮೈ ಮೊದಲು ಅದನ್ನ ಮುರಿಯುತ್ತೆ. ಸ್ಪಿರಿಟ್ಟು ವಿಷ ಆಗೋಕೆ ಮೊದಲೇ ಹೊರಗೆ ಹೋಗಿರುತ್ತೆ.”

ತಿಥಿಯ ದಿನ ಗೌಡನ ಅಂಗಳದಾಚೆಯ ಬೇವಿನ ಮರದಡಿ ಪೀಪಾಯಿ ಕೂತಿತ್ತು. ಕೇರಿಯ ಗಂಡಸರು ಚಿಪ್ಪು ಹಿಡಿದು ಸಾಲುಗಟ್ಟಿದ್ದರು. ಊಟಕ್ಕೆ ಬಂದ ಪೊಲೀಸ್ ಜಮೇದಾರ ಪೀಪಾಯಿಗೆ ಬೆನ್ನು ಹಾಕಿ ಜಗಲಿಯಲ್ಲಿ ಕೂತಿದ್ದ. ರಾಮಮ್ಮ ಎಲ್ಲರಿಗೂ ಕೇಳುವಂತೆ ಡಾಕ್ಟರ ಮಾತು ಒಪ್ಪಿಸಿದಳು.

ಗೌಡ ತೊಡೆ ತಟ್ಟಿ ನಕ್ಕ. “ಕೇಳುದ್ರಾ ಜಮೇದಾರ್ರೆ? ಡಾಕ್ಟ್ರೇ ಅಂದವ್ರೆ! ನಾ ಕೊಟ್ಟಿದ್ದು ವಿಷ ಅಲ್ವಂತೆ, ಇವ್ನ ಮೈಯೇ ವಿಷ ಮಾಡ್ಕಂಡದಂತೆ. ಇಂಥ ಕೊಳಕು ಮೈಗೆ ನಾನೇನ್ ಮಾಡ್ಲಿ?” ಜಮೇದಾರನೂ ನಕ್ಕ.

ರಾಮಮ್ಮ ಪೀಪಾಯಿಗೆ ಚಿಪ್ಪು ಅದ್ದಿದಳು. ಕೇರಿಯವರು ಯಾರೂ ತುಳಿಯದ ಜಗಲಿಯ ಮೆಟ್ಟಿಲು ಹತ್ತಿದಳು.

“ನಿಮ್ದು ಒಳ್ಳೆ ಮೈ ಅಲ್ವಾ ಬುದ್ದಿ? ತಕಳಿ, ಕುಡೀರಿ.”

“ಇಳಿಯೇ ಮುಂಡೆ! ಮೈಲಿಗೆ ಮಾಡ್ದಲ್ಲೇ!”

“ಕಂಡೋರ ಅವ್ವನ ಸಾವ್ಗೆ ಕುಡ್ದು ನನ್ ಗಂಡ ಕಣ್ಣು ಕಳ್ಕಂಡ. ನೀನು ಆ ಅವ್ವನೇ ಎತ್ತ ಮಗ. ಒಂದ್ ಗುಟ್ಕು ಕುಡಿ.”

ಗೌಡ ಕುರ್ಚಿ ಸಮೇತ ಸರಿದು ಗೋಡೆಗೆ ಅಂಟಿಕೊಂಡ. ಜಮೇದಾರ ಲಾಠಿ ಹಿಡಿದು ಎದ್ದ. ಸಾಲಿನಲ್ಲಿ ಕೆಂಚಯ್ಯ ತನ್ನ ಚಿಪ್ಪನ್ನು ನೆಲಕ್ಕೆ ಬೋರಲು ಹಾಕಿದ. ಪಕ್ಕದವನೂ ಹಾಕಿದ.

ಅಂಗಳದಾಚೆ ಕೂತಿದ್ದ ಚಿಕ್ಕಸಿದ್ದಯ್ಯ ಕತ್ತು ಚಾಚಿ ಕೂಗಿದ: “ಕುಡುದ್ನಾ ಅಮ್ಮಿ? ಗೌಡ ಕುಡುದ್ನಾ?”

ರಾಮಮ್ಮ ಚಾಚಿದ ಕೈ ಇಳಿಸಲಿಲ್ಲ.