ಮೇಷ್ಟ್ರ ಹಾಜರಿ ಪುಸ್ತಕ

“ನಾಲ್ಕನೇ ಕ್ಲಾಸಾದ ಮೇಲೆ ಸ್ಕೂಲಿಗೇ ಹೋಗಿಲ್ಲ, ಅದಕ್ಕೇ ಟಿ.ಸಿ. ಇಲ್ಲ ಅಂತೀರಿ. ಸರಿ. ಆದ್ರೆ ಯಾರಾದ್ರೂ ಒಬ್ರು ಪಾಠ ಮಾಡಿರ್ಬೇಕಲ್ರೀ?” ಎಂದು ಪಿಯು ಕಾಲೇಜಿನ ಪ್ರಿನ್ಸಿಪಾಲ್ ಗುರುಮಲ್ಲಮ್ಮನವರು ಕನ್ನಡಕದ ಮೇಲಿನಿಂದ ನೋಡಿದರು.

“ನಾನೇಯ ಮೇಡಂ,” ಎಂದ ಕನಕರಾಜು.

ಗುಂಡ್ಲುಪೇಟೆಯಿಂದ ಚಾಮರಾಜನಗರದ ತನಕ ಬಸ್ಸಿನಲ್ಲಿ ನಿಂತುಕೊಂಡೇ ಈ ಮಾತನ್ನು ಎದೆಯುಬ್ಬಿಸಿ ಹೇಳುವುದು ಹೇಗೆಂದು ಅವನು ಅಭ್ಯಾಸ ಮಾಡಿದ್ದ. ಬಾಯಿಂದ ಹೊರಟಾಗ ಮಾತ್ರ ಅದು ಕಳ್ಳತನ ಒಪ್ಪಿಕೊಂಡ ಹಾಗೆ ಕೇಳಿಸಿತು. ಪಕ್ಕದಲ್ಲಿ ಮಗಳು ಚೈತ್ರ, ಅಂಕಪಟ್ಟಿಯ ಕವರನ್ನು ಎದೆಗೊತ್ತಿಕೊಂಡು, ಬಾಗಿಲಾಚೆ ಸಾಲು ನಿಂತಿದ್ದ ಹುಡುಗಿಯರನ್ನು ನೋಡುತ್ತಿದ್ದಳು. ತಲೆಯ ಮೇಲೆ ಫ್ಯಾನು ಎಣ್ಣೆಗಾಣದಂತೆ ತಿರುಗುತ್ತಿತ್ತು. ಕಂಡೆನ್ಸರ್ ಹೋಗಿದೆ ಎಂದು ಕನಕರಾಜು ಒಳಗೆ ಕಾಲಿಟ್ಟಾಗಲೇ ಅಂದುಕೊಂಡಿದ್ದ. ಅವನದು ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಮಗಳ ಭವಿಷ್ಯ ಮೇಜಿನ ಮೇಲಿದ್ದರೂ ಕಣ್ಣು ಸೂರಿನ ಕಡೆಗೇ ಎಳೆಯುತ್ತಿತ್ತು.

“ನಿಮ್ಮ ಓದು?”

“ಎಸ್ಸೆಸ್ಸೆಲ್ಸಿ ಗಂಟ ಮೇಡಂ.”

ಆ ‘ಗಂಟ’ದೊಳಗೆ, ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು ಮುದುರಿಕೊಂಡು ಕೂತಿತ್ತು.

ಇಷ್ಟಕ್ಕೆಲ್ಲ ಕಾರಣ ಅವನ ಬಾಯಿಯೇ. ಆರು ವರ್ಷದ ಕೆಳಗೆ ಚೈತ್ರ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವಳ ಶಾಲೆಯ ನೀರೆತ್ತುವ ಮೋಟಾರು ಸುಟ್ಟು, ರಿಪೇರಿಗೆಂದು ಹೋಗಿದ್ದ. ಕಿಟಕಿಯಲ್ಲಿ ಇಣುಕಿದರೆ ಬೋರ್ಡಿನ ಮೇಲೆ ಬಲ್ಬಿನ ಚಿತ್ರ. ಎರಡು ತಂತಿಯೂ ಸೆಲ್ಲಿನ ಒಂದೇ ತುದಿಗೆ. ಸುಮ್ಮನಿರಬಹುದಿತ್ತು. “ಇದು ಏಳು ಜನ್ಮಕ್ಕೂ ಉರಿಯಾಕಿಲ್ಲ ಮೇಷ್ಟ್ರೇ,” ಎಂದುಬಿಟ್ಟ. ಮಕ್ಕಳು ನಕ್ಕರು. ಅಷ್ಟು ಗೊತ್ತಿದ್ದರೆ ನಿನ್ನ ಮಗಳಿಗೆ ನೀನೇ ಕಲಿಸು ಎಂದು ಮೇಷ್ಟ್ರು ರೇಗಿದರು. ಕಲಿಸ್ತೀನಿ ಎಂದು ಇವನೂ ರೇಗಿದ. ಸಂಜೆಗೆ ಮೇಷ್ಟ್ರು ಮರೆತಿದ್ದರು. ಇವನು ಮರೆಯಲಿಲ್ಲ, ಆ ವರ್ಷ ಮುಗಿದ ಕೂಡಲೆ ಮಗಳನ್ನು ಶಾಲೆ ಬಿಡಿಸಿದ. ಆ ಮೋಟಾರಿನ ಜೊತೆ ನಿಮ್ಮ ತಲೆಯೂ ಸುಟ್ಟಿತು ಎಂದು ಹೆಂಡತಿ ಸುಧಾಮಣಿ ಇವತ್ತಿಗೂ ಹೇಳುತ್ತಾಳೆ.

ಹಾಗೆ ಅಂಗಡಿಯ ಹಿಂದಿನ ಕೋಣೆ ಶಾಲೆಯಾಯಿತು. ಹಳೆಯ ಮೋಟಾರಿನ ಉಕ್ಕಿನ ಶಾಫ್ಟನ್ನು ತೂಗುಹಾಕಿ ಸ್ಪ್ಯಾನರಿನಿಂದ ಹೊಡೆದರೆ ಒಂಬತ್ತರ ಗಂಟೆ. ಕಂದು ಕಾಗದದ ಹೊದಿಕೆ ಹಾಕಿದ ಹಾಜರಿ ಪುಸ್ತಕ. ಅಕ್ಷರ ದುಂಡಗಾಗಲಿ ಎಂದು ಅದನ್ನು ಬರೆಯುವ ಕೆಲಸ ಮಗಳಿಗೇ ಕೊಟ್ಟ. ಯಾರು ಗೈರುಹಾಜರಾದರೂ ಕಾರಣವನ್ನು ನಿಜವಾಗಿ ಬರೆಯಬೇಕು ಎಂದು ಮೊದಲ ದಿನವೇ ಕಟ್ಟಪ್ಪಣೆ ಮಾಡಿದ. ಶನಿವಾರ ಶನಿವಾರ ತಾನು ಕೆಳಗೆ ಸಹಿ ಹಾಕುತ್ತಿದ್ದ. ಓದುತ್ತಿರಲಿಲ್ಲ. ಹೆಡ್‌ಮಾಸ್ಟರು ಓದಿ ಸಹಿ ಹಾಕಿದ್ದನ್ನು ಅವನು ಎಲ್ಲಿಯೂ ಕಂಡಿರಲಿಲ್ಲ.

ಮುಂದಿನ ಉದ್ಯೋಗದ ತಯಾರಿಯೂ ಬಿಡುವಿಲ್ಲದೆ ನಡೆಯಿತು. ಒಂದು ವರ್ಷ ಮಗಳು ತಹಸೀಲ್ದಾರ್ ಆಗಬೇಕಿತ್ತು, ಮರುವರ್ಷ ಡಾಕ್ಟರು, ಅದರಾಚೆ ವರ್ಷ ವಿಮಾನ ಓಡಿಸಬೇಕಿತ್ತು. ಸುಧಾಮಣಿಯನ್ನು ಸ್ಟೂಲಿನ ಮೇಲೆ ಕೂರಿಸಿ ಇಂಟರ್‌ವ್ಯೂ ಮಾಡಿಸುತ್ತಿದ್ದ. ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು: ನಿಮ್ಮಪ್ಪ ಊಟಕ್ಕೆ ಎಷ್ಟು ಹೊತ್ತಿಗೆ ಬರ್ತಾನೆ?

ಏಳನೇ ಕ್ಲಾಸಿನವರೆಗೆ ದೋಣಿ ಚೆನ್ನಾಗಿಯೇ ಸಾಗಿತು. ಎಂಟನೆಯದಕ್ಕೆ ಬಂದಾಗ ಪುಸ್ತಕ ಅವನನ್ನು ಗುರುತು ಹಿಡಿಯಲಿಲ್ಲ. ಆಗ ಅವನೊಂದು ಬೋಧನಾ ಪದ್ಧತಿ ಕಂಡುಹಿಡಿದ. ಗೊತ್ತಿಲ್ಲದ ಪಾಠ ಬಂದ ದಿನ ಗಂಟಲು ಸರಿಮಾಡಿಕೊಂಡು, “ಎಲ್ಲಾನೂ ನಾನೇ ಯೋಳ್ಬುಟ್ರೆ ನಿನ್ ತಲೆ ತುಕ್ಕು ಇಡೀತದೆ ಕಣಮ್ಮಿ. ಇದ ನೀನೇ ಕಂಡಿಡಿ,” ಎಂದು ಹೇಳಿ, ತೆರಕಣಾಂಬಿಯಿಂದ ಅರ್ಜೆಂಟ್ ಮೋಟಾರು ಬಂದಿದೆಯೆಂದು ಟೀ ಅಂಗಡಿಗೆ ಹೋಗಿ ಕೂರುತ್ತಿದ್ದ. ಮೂರು ವರ್ಷದಲ್ಲಿ ತೆರಕಣಾಂಬಿಯಲ್ಲಿ ಸುಟ್ಟಷ್ಟು ಮೋಟಾರು ಇಡೀ ರಾಜ್ಯದಲ್ಲಿ ಸುಟ್ಟಿರಲಾರದು.

ಚೈತ್ರ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿ, ಆರುನೂರ ಇಪ್ಪತ್ತೈದಕ್ಕೆ ಐನೂರ ಎಂಟು ತೆಗೆದಳು. ಕನಕರಾಜು ಬೀದಿಗೆಲ್ಲ ಮೈಸೂರುಪಾಕು ಹಂಚಿ, ತನ್ನ ಪದ್ಧತಿಯನ್ನು ಸರ್ಕಾರ ಗಮನಿಸಬೇಕು ಎಂದು ಹೇಳಿಕೊಂಡು ತಿರುಗಿದ.

ಗುರುಮಲ್ಲಮ್ಮನವರು ಅಂಕಪಟ್ಟಿಯನ್ನು ಮತ್ತೆ ನೋಡಿದರು. ಟಿ.ಸಿ. ದೊಡ್ಡ ಮಾತಲ್ಲ, ಅಫಿಡವಿಟ್ ಮಾಡಿಸಿದರೆ ಆಯಿತು, ತಮ್ಮ ಚಿಂತೆಯೇ ಬೇರೆ ಎಂದರು. ಮನೆಯಲ್ಲಿ ಒಂದು ಮಗುವನ್ನು ಎದುರಿಗೆ ಕೂರಿಸಿಕೊಂಡು ತುತ್ತಿಡುವ ಹಾಗೆ ಬಾಯಿಪಾಠ ಮಾಡಿಸಿದರೆ ಅಂಕ ಬಂದೇ ಬರುತ್ತದೆ. ಸೈನ್ಸ್ ಸೆಕ್ಷನ್ನಿನಲ್ಲಿ ಎಂಬತ್ತು ಮಕ್ಕಳು. ತುತ್ತಿಡುವವರು ಯಾರೂ ಇಲ್ಲ. ಹೋದ ವರ್ಷ ಹಾಗೆ ಬಂದ ಒಬ್ಬಳು ದಸರೆಗೆ ಊರಿಗೆ ಹೋದವಳು ತಿರುಗಿ ಬರಲಿಲ್ಲ.

“ಆರ್ಟ್ಸ್ ತಗೊಳ್ಳಿ. ಉಳಿದಿರೋದು ಒಂದೇ ಸೈನ್ಸ್ ಸೀಟು, ಹೊರಗೆ ಸಾಲು ನಿಂತಿದ್ದಾರೆ.”

ಕವರಿನ ಮೂಲೆ ಚೈತ್ರಳ ಬೆರಳಲ್ಲಿ ಸುರುಳಿಯಾಗುತ್ತಿತ್ತು. ಮೋಟಾರು ಯಾಕೆ ತಿರುಗುತ್ತದೆ ಎಂದು ಒಂಬತ್ತು ವರ್ಷದವಳಿದ್ದಾಗ ಕೇಳಿ, ಅಪ್ಪ ಹೇಳಿದ ಉತ್ತರ ಸಾಲದೆ ಇನ್ನೂ ಅದನ್ನೇ ಓದುತ್ತಿದ್ದ ಹುಡುಗಿ ಅದು. ಆರ್ಟ್ಸ್ ಎಂದ ಕೂಡಲೆ ಅವಳ ಮುಖ ಕರೆಂಟು ಹೋದ ಮನೆಯ ಹಾಗಾದದ್ದು ಕನಕರಾಜುವಿಗೆ ಕಂಡಿತು. ಅವನು ಚೀಲಕ್ಕೆ ಕೈಹಾಕಿ ಆರೂ ಹಾಜರಿ ಪುಸ್ತಕಗಳನ್ನು ತೆಗೆದು ಮೇಜಿನ ಮೇಲಿಟ್ಟ.

“ಒಂದ್ ದಿನಾನೂ ತಪ್ಸಿಲ್ಲ ಮೇಡಂ. ನೀವೇ ನೋಡಿ.”

ಅವರು ಎಂಟನೇ ಕ್ಲಾಸಿನದನ್ನು ತೆರೆದರು. ಹುಬ್ಬು ಮೇಲೇರಿತು. ಆಮೇಲೆ ಸಾವಕಾಶವಾಗಿ, ಬಾಗಿಲಾಚೆಯವರಿಗೂ ಕೇಳುವಂತೆ ಓದಿದರು:

“ಜುಲೈ ಹನ್ನೊಂದು. ವಿದ್ಯಾರ್ಥಿನಿ ಹಾಜರು. ಮೇಷ್ಟ್ರು ಗೈರುಹಾಜರು. ಕಾರಣ: ವರ್ಗಮೂಲ.”

ಕನಕರಾಜುವಿಗೆ ಫ್ಯಾನು ನಿಂತೇಹೋದ ಹಾಗಾಯಿತು.

“ಆಗಸ್ಟ್ ಮೂರು. ಮೇಷ್ಟ್ರು ಗೈರುಹಾಜರು. ಕಾರಣ: ತೆರಕಣಾಂಬಿಯ ಮೋಟಾರು ಎಂದರು. ಟೀ ಅಂಗಡಿಯಲ್ಲಿ ಕಂಡರು. ನಿಜವಾದ ಕಾರಣ: ಬೀಜಗಣಿತ. ನಾನೇ ಓದಿಕೊಂಡೆ, ಮೂರು ದಿನ ಹಿಡಿಯಿತು. ಲೈಬ್ರರಿಯಿಂದ ಎರಡು ಪುಸ್ತಕ ತಂದೆ. ನಾಲ್ಕನೇ ದಿನ ಮೇಷ್ಟ್ರಿಗೆ ಹೇಳಿಕೊಟ್ಟೆ. ಅರ್ಥವಾದಂತೆ ತಲೆಯಾಡಿಸಿದರು.”

ಪ್ರತಿ ಪುಟದ ಕೆಳಗೂ ಕನಕರಾಜುವಿನ ಸಹಿ, ಬಾಲದ ಸಮೇತ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಭೂಮಿ ಬಾಯಿಬಿಡುವ ಲಕ್ಷಣ ಕಾಣದೆ ಅವನು ಮತ್ತೆ ಫ್ಯಾನು ನೋಡಿದ.

ಗುರುಮಲ್ಲಮ್ಮನವರು ನಗಲಿಲ್ಲ. ಒಂಬತ್ತನೆಯದನ್ನು ತಿರುವಿದರು, ಹತ್ತನೆಯದನ್ನು ತಿರುವಿದರು. ಹತ್ತನೆಯದರಲ್ಲಿ ಮೇಷ್ಟ್ರು ಬಂದ ದಿನವೇ ಕಡಿಮೆ.

“ಮೇಷ್ಟ್ರು ಇಲ್ಲದ ದಿನ ಏನ್ಮಾಡ್ತಿದ್ದೆ?”

“ನಾನೇ ಗಂಟೆ ಒಡ್ದು, ಓದಕ್ ಕೂತ್ಕತಿದ್ದೆ ಮೇಡಂ,” ಎಂದಳು ಚೈತ್ರ.

ಅವರು ಪುಸ್ತಕ ಮುಚ್ಚಿ, ಅರ್ಜಿಯ ಮೇಲೆ ‘ವಿಜ್ಞಾನ’ ಎಂದು ಬರೆದರು. “ಇಲ್ಲಿ ಫಿಸಿಕ್ಸ್ ಲೆಕ್ಚರರ್ ಪೋಸ್ಟು ಖಾಲಿ ಇದೆ, ಯಾವಾಗ ತುಂಬ್ತಾರೋ ಗೊತ್ತಿಲ್ಲ. ಇವಳಿಗೇನೂ ಹೊಸದಾಗಿ ಕಾಣೋದಿಲ್ಲ ಬಿಡಿ,” ಎಂದು ಮೊಹರು ಒತ್ತಿದರು.

ಕನಕರಾಜು ಮಗಳ ಕಡೆ ಬಾಗಿದ.

“ಎಲ್ಲಾ ಗೊತ್ತಿದ್ದೂ ನಂಗೊಂದ್ ಮಾತು ಯೋಳಕಾಯ್ತಿರ್ನಿಲ್ವಾ ಕಣಮ್ಮಿ?”

“ಯೋಳಿದ್ರೆ ನೀನು ಟೀ ಅಂಗಡೀಗ್ ಓಗದ ಬುಟ್ಬುಡ್ತಿದ್ದೆ ಕಣಪ್ಪ,” ಎಂದಳು ಅವಳು. “ಆಮೇಲೆ ನಾನು ಯಾವಾಗ ಓದ್ಕೋಬೇಕಾಗಿತ್ತು?”

ಕನಕರಾಜು ಮೇಡಮ್ಮನವರ ಅಪ್ಪಣೆ ಕೇಳಿ, ಸ್ವಿಚ್ಚು ಆರಿಸಿ, ಸ್ಟೂಲು ಎಳೆದುಕೊಂಡು ಹತ್ತಿದ. ಗಿರಾಕಿಯೊಬ್ಬರಿಗೆಂದು ತಂದಿದ್ದ ಕಂಡೆನ್ಸರು ಜೇಬಿನಲ್ಲೇ ಇತ್ತು. ಎರಡು ತಂತಿ, ಎರಡು ತುದಿ. ಇಷ್ಟರಲ್ಲಿ ಮಾತ್ರ ಅವನು ಯಾವತ್ತೂ ಗೈರುಹಾಜರಾದವನಲ್ಲ. ಕೆಳಗಿಳಿದು ಸ್ವಿಚ್ಚು ಒತ್ತಿದ.

ವರ್ಷಗಟ್ಟಲೆ ತೂಕಡಿಸಿದ್ದ ಫ್ಯಾನು ಒಮ್ಮೆಲೇ ಎದ್ದಿತು. ಮೇಜಿನ ಮೇಲಿನ ಅರ್ಜಿಗಳೆಲ್ಲ ಹಾರಿ ಬಾಗಿಲಾಚೆ ಹೋದವು. ಸಾಲಿನ ಹುಡುಗಿಯರು ಕೂಗುತ್ತ ಹಿಡಿಯಲು ಓಡಿದರು, ಚೈತ್ರಳೂ ಓಡಿದಳು. ಕಿಸಕ್ಕೆಂದಿದ್ದವಳೇ ಅವಳ ತಲೆಗೆ ತಲೆ ಡಿಕ್ಕಿ ಹೊಡೆದು, ಇಬ್ಬರೂ ನೆಲದ ಮೇಲೆ ಕೂತು ಹಣೆ ಉಜ್ಜಿಕೊಳ್ಳುತ್ತ ನಗತೊಡಗಿದರು. ನಿನ್ನ ಹೆಸರೇನು ಎಂದು ಆ ಹುಡುಗಿ ಕೇಳುತ್ತಿದ್ದಳು. ಗುರುಮಲ್ಲಮ್ಮನವರು ಫ್ಯಾನು ಆರಿಸಿ ಎಂದು ಎರಡು ಸಲ ಹೇಳಿದರು. ಕನಕರಾಜು ಮಗಳನ್ನೇ ನೋಡುತ್ತ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದ.