ಕೂತು ಊದಲಾರದ ಖಾದರ್

ಶಿವಾಜಿನಗರದ ಖಾದರ್ ಮೂವತ್ತು ವರ್ಷದಿಂದ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಊದುವವನು. ಮದುಮಗನ ಕುದುರೆಯ ಮುಂದೆ ನಡೆಯುತ್ತಾ, ಸಿನಿಮಾ ಹಾಡಿನ ನಡುವೆ ಮೆಲ್ಲಗೆ ಜಾಝ್ ತುರುಕುವುದು ಅವನ ಚಟ. ಬ್ಯಾಂಡ್ ಮಾಸ್ಟರ್ ಕಣ್ಣು ಬಿಟ್ಟರೆ ಸಾಧುವಿನಂತೆ ಮತ್ತೆ ಹಾಡಿಗೆ ಮರಳುತ್ತಿದ್ದ. ಪಾಪ, ಈಗ ಅವನ ವಾದ್ಯವೇ ಕೈಕೊಟ್ಟಿತ್ತು. ರಿಪೇರಿಯವನೂ ಕೈಮುಗಿದುಬಿಟ್ಟಿದ್ದ. ಬರುವ ಸೀಸನ್ನಿಗೆ ಸ್ಯಾಕ್ಸೋಫೋನ್ ಇಲ್ಲದಿದ್ದರೆ ಗಿಲಕಿ ಆಡಿಸಲು ನಿಲ್ಲು ಎಂದು ಮಾಸ್ಟರ್ ಹೇಳಿಯಾಗಿತ್ತು. ಐವತ್ತೆರಡನೇ ವಯಸ್ಸಿನಲ್ಲಿ ಗಿಲಕಿಯೇ? ಮನುಷ್ಯನಿಗೆ ಮಾನ ಮರ್ಯಾದೆ ಬೇಡವೇ?

ರಿಚರ್ಡ್ಸ್ ಟೌನಿನಲ್ಲಿ ಜಾಝ್ ಕಲಾವಿದರಿಗೆ ನೆರವಾಗುವ ಟ್ರಸ್ಟ್ ಒಂದಿದೆ, ಅಲ್ಲಿಗೆ ಯಾರೋ ಸ್ಯಾಕ್ಸೋಫೋನ್ ದಾನ ಕೊಟ್ಟಿದ್ದಾರೆ ಎಂದು ಹೆಂಡತಿ ಶಂಶುನ್ನೀಸಾ ಸುದ್ದಿ ತಂದಳು. ಚೆನ್ನಾಗಿ ನುಡಿಸಿ ತೋರಿಸಿದವರಿಗೆ ಅದು. ಖಾದರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ.

ಟ್ರಸ್ಟಿನ ಹಂಸ ಮೇಡಂ ಆ ವಾದ್ಯವನ್ನೇ ಅವನ ಕೈಗಿತ್ತು ಕುರ್ಚಿ ತೋರಿಸಿದರು. “ಆರಾಮಾಗಿ ಕೂತ್ಕೊಂಡು ನುಡಿಸಿ, ಖಾದರ್ ಸಾಬ್ರೇ.”

ಕೂತರೆ ಖಾದರನಿಗೆ ಉಸಿರೇ ಹೊರಡದು. ಎರಡು ಸಲ ಕೀರಲು ಸದ್ದು ಬಂತು. ಎದುರು ಕೂತಿದ್ದ ಪರೀಕ್ಷಕರು ಮುಖ ಮುಖ ನೋಡಿಕೊಂಡರು. ಕೆಲಸ ಕೆಟ್ಟಿತು ಎಂದುಕೊಂಡು ಎದ್ದ, ಒಂದು ಹೆಜ್ಜೆ ಇಟ್ಟ. ಸ್ವರ ಬಂತು. ಇನ್ನೊಂದು ಹೆಜ್ಜೆಗೆ ಜಾಝ್ ಬಂತು, ಮಾಸ್ಟರನ ಕಣ್ಣಿನ ಕಾಟವಿಲ್ಲದ ಜಾಝ್. ಮೈಮರೆತ ಆಸಾಮಿ ಬಾಗಿಲು ದಾಟಿದ, ಮೆಟ್ಟಿಲಿಳಿದ, ಗೇಟನ್ನೂ ದಾಟಿ ಬೀದಿಗೆ ಬಿದ್ದ.

ಮೂರನೇ ತಿರುವಿನಲ್ಲಿ ತರಕಾರಿ ಗಾಡಿ ಅಡ್ಡ ಬಂದಾಗಲೇ ಅವನಿಗೆ ಎಚ್ಚರ. ಯಾ ಅಲ್ಲಾ! ಸ್ಯಾಕ್ಸೋಫೋನ್ ಕೈಯಲ್ಲಿದೆ, ಟ್ರಸ್ಟ್ ಎಲ್ಲೋ ಹಿಂದಿದೆ. ಕದ್ದು ಓಡಿದ ಎನ್ನುವುದಿಲ್ಲವೇ? ತಿರುಗಿ ನೋಡಿದರೆ ಹಂಸ ಮೇಡಂ ಏದುಸಿರು ಬಿಡುತ್ತಾ ನಿಂತಿದ್ದಾರೆ, ಜೊತೆಗೆ ಪರೀಕ್ಷಕರೂ. ಟ್ರಸ್ಟಿನ ವಾಚ್‌ಮನ್ ಅಂಜನಮೂರ್ತಿಯಂತೂ ನಡುರಸ್ತೆಯಲ್ಲಿ ಕೈಯೆತ್ತಿ ಆಟೋಗಳನ್ನು ತಡೆದು ನಿಲ್ಲಿಸಿದ್ದಾನೆ.

“ತಪ್ಪಾಯ್ತು ಮೇಡಂ,” ಖಾದರ್ ಎರಡೂ ಕೈಯಲ್ಲಿ ವಾದ್ಯ ಚಾಚಿದ. “ನಾನು ಕಳ್ಳ ಅಲ್ಲ. ಊದಿದ್ರೆ ಕಾಲು ನಿಲ್ಲಲ್ಲ, ಅಷ್ಟೇ.”

ಹಂಸ ಅದನ್ನು ಮುಟ್ಟಲಿಲ್ಲ. “ನಿಮ್ಮನ್ನ ಹಿಡ್ಕೊಂಡ್ ಬಾ ಅಂತ ಅಂಜನಮೂರ್ತೀನ ಕಳಿಸಿದ್ದೆ. ನೋಡಿದ್ರೆ ಅವ್ನು ನಿಮ್ಗೆ ಟ್ರಾಫಿಕ್ ತಡೀತಿದ್ದ. ನಮ್ಗೂ ಸುಮ್ನೆ ಕೂತ್ಕೊಳ್ಳೋಕಾಗ್ಲಿಲ್ಲ, ಹಿಂದೇನೇ ಬಂದ್ಬಿಟ್ವಿ. ಇನ್ಮೇಲೆ ಅದು ನಿಮ್ದೇ. ಒಂದು ಸಹಿ ಹಾಕ್ಬೇಕು, ವಾಪಸ್ ನಡೀರಿ. ಊದ್ಕೊಂಡೇ ಬನ್ನಿ.”

ಖಾದರ್ ಸ್ಯಾಕ್ಸೋಫೋನನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅಳುತ್ತಾ ಸ್ಯಾಕ್ಸೋಫೋನ್ ಊದಲು ಯಾರಿಂದಲೂ ಆಗುವುದಿಲ್ಲ, ನೋಡಿ. ಹಾಗಾಗಿ ಆ ಮೆರವಣಿಗೆ ಸದ್ದಿಲ್ಲದೆ ವಾಪಸಾಯಿತು.